ನೋಡಲೇಬೇಕಾದ ಚಿತ್ರದ ಕೊನೆ

ಇಂಗ್ಲೆಂಡಿನ ಸೊಲಿಹಲ್‌ನ ಡಾಕ್ಟರ್ ರಾಮಚಂದ್ರರಿಗೆ ಮೂಳೆ ಜೋಡಿಸುವುದು ಗೊತ್ತು, ನಿಜ. ಅದೊಂದು ಗೊತ್ತಿದ್ದರೆ ಲೋಕವೆಲ್ಲ ಗೊತ್ತು ಎಂದುಕೊಂಡಿರುವುದೇ ಅವರಿಗಿರುವ ರೋಗ. ನಿವೃತ್ತರಾದ ಮೇಲೆ ಹಾಲ್‌ನಲ್ಲಿ ಪರದೆ ಕಟ್ಟಿಸಿ, ಪ್ರೊಜೆಕ್ಟರ್ ತಂದಿಟ್ಟು, ತಿಂಗಳಿಗೊಂದು ಭಾನುವಾರ ಕನ್ನಡದವರನ್ನೆಲ್ಲ ಗುಡ್ಡೆಹಾಕಿ ‘ನೋಡಲೇಬೇಕಾದ ಹಳೆಯ ಅಮೆರಿಕನ್ ಚಿತ್ರ’ ತೋರಿಸುತ್ತಾರೆ. ಆ ಚಿತ್ರಗಳನ್ನು ತೆಗೆದವರಿಗೂ ಅಷ್ಟು ಜಂಬ ಇದ್ದಿರಲಿಕ್ಕಿಲ್ಲ.

ನಾನು ಡರ್ಬಿಯಲ್ಲಿ ವಿಮಾನದ ಎಂಜಿನ್ ಕಂಪನಿಯಲ್ಲಿ ಕೆಲಸ ಮಾಡುವವಳು. ಡಾಕ್ಟರರ ಲೆಕ್ಕದಲ್ಲಿ ನಾನು ಮೆಕ್ಯಾನಿಕ್. “ಹಿರಿಯರು ಕಣೇ ಅಪೂರ್ವಾ, ಹೋಗ್ದಿದ್ರೆ ಚೆನ್ನಾಗಿರಲ್ಲ” ಎಂದು ನನ್ನ ಗಂಡ ಕಿಶೋರ್ ಪ್ರತಿಸಲವೂ ಕಾರು ಹತ್ತಿಸುತ್ತಾನೆ. ಅಲ್ಲಿ ಹೋಗಿ ಉಳಿದವರ ಜೊತೆ ಕೋಲೆಬಸವನ ಹಾಗೆ ತಲೆಯಾಡಿಸುತ್ತಾನೆ.

ಡಾಕ್ಟರರು ಚಿತ್ರವನ್ನು ಸುಮ್ಮನೆ ತೋರಿಸುವವರಲ್ಲ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಉಪನ್ಯಾಸ. ಗಂಡು ಹೆಣ್ಣು ತೀರಾ ಹತ್ತಿರ ಬಂದರೆ ಮಾತ್ರ ಉಪನ್ಯಾಸವಿಲ್ಲ. ರಿಮೋಟ್ ಒತ್ತಿ ಮುಂದಕ್ಕೆ ಓಡಿಸಿಬಿಡುತ್ತಾರೆ. ಅವರ ತಾಯಿ ರತ್ನಮ್ಮನವರು ಜೊತೆಗೆ ಕೂತು ನೋಡುತ್ತಿದ್ದಾಗ ಶುರುವಾದ ಅಭ್ಯಾಸವಂತೆ. ಆ ಪುಣ್ಯಾತ್ಗಿತ್ತಿ ಹೋಗಿ ಎಷ್ಟೋ ವರ್ಷವಾಯಿತು, ಮಗನ ಬೆರಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಮಕ್ಕಳೆಲ್ಲ ಮಹಡಿಯ ಮೇಲೆ ಫೋನು ಹಿಡಿದು ಕೂತಿರುತ್ತವೆ. ಕೆಳಗೆ ಇರುವವರು ನಾವು, ತಲೆ ನರೆತವರು.

ಅವರ ಹೆಂಡತಿ ಚಂದ್ರಿಕಾ ಆಂಟಿ ಮಾತ್ರ ಯಾವ ಚಿತ್ರದ ಕೊನೆಯನ್ನೂ ನೋಡಿದವರಲ್ಲ. ಚಿತ್ರ ಮುಗಿದು ದೀಪ ಹತ್ತುವಾಗ ಬಿಸಿ ಪೂರಿ ತಟ್ಟೆಗೆ ಬೀಳಬೇಕೆಂಬುದು ಯಜಮಾನರ ಅಪ್ಪಣೆ. ಹಾಗಾಗಿ ಕಥೆ ಬಿಗಿಯಾಗುತ್ತಿದ್ದಂತೆ ಆಕೆ ಒಲೆಯ ಮುಂದೆ. ಆಮೇಲೆ ಬಡಿಸುತ್ತಾ, “ಕೊನೇಗೆ ಏನಾಯ್ತು ರೀ?” ಎಂದು ಕೇಳುತ್ತಾರೆ. “ಕೊನೇಗೆ ಮುಗೀತು” ಎನ್ನುತ್ತಾರೆ ಡಾಕ್ಟರರು. ಎಲ್ಲರೂ ನಗುತ್ತಾರೆ. ಆಕೆಗೆ ಒಂದೇ ಒಂದು ಕೊನೆಯನ್ನಾದರೂ ನೋಡುವ ಆಸೆ ಎಂಬುದು ಆ ಮುಖ ನೋಡಿದರೆ ಕುರುಡನಿಗೂ ತಿಳಿಯುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ಭಾನುವಾರದ್ದು ಕಪ್ಪು ಬಿಳುಪಿನ ಚಿತ್ರ. ಧೂಳು ತುಂಬಿದ ಊರು, ಕುದುರೆಗಳು, ಊರು ಕಾಯುವ ಪೊಲೀಸಿನಂಥ ಒಬ್ಬ ಷರೀಫ್. ಒಬ್ಬಾಕೆಯ ಒರಟ ಗಂಡ ರಾತ್ರಿ ಬಾವಿಗೆ ಬಿದ್ದು ಸತ್ತಿದ್ದಾನೆ. ಬಾವಿಗೆ ಮುಚ್ಚಿದ್ದ ಹಲಗೆ ಏನಾಯಿತು? ಊರೆಲ್ಲ ಹೆಂಡತಿಯ ಮೇಲೆ ಅನುಮಾನ ಪಡುತ್ತದೆ. ಷರೀಫ್ ಒಬ್ಬನೇ ಆಕೆಯ ಪರ. ಡಾಕ್ಟರರು ಚಿತ್ರ ನಿಲ್ಲಿಸಿ ಎದ್ದು ನಿಂತರು.

“ಇವಳು ಅಮೆರಿಕದ ಸಾವಿತ್ರಿ! ಹತ್ತು ಸಲ ನೋಡಿದೀನಿ ನಾನು. ಪಾತಿವ್ರತ್ಯ ಅನ್ನೋದು ನಮ್ಮಲ್ಲಷ್ಟೇ ಅಲ್ಲ, ತಿಳ್ಕೊಳ್ಳಿ.”

ಕಿಶೋರ್ ತಲೆಯಾಡಿಸಿದ. ಸಾವಿತ್ರಿ ಇದನ್ನು ಕೇಳಿದ್ದರೆ ಯಮನ ಹಿಂದೆಯೇ ಹೊರಟುಹೋಗುತ್ತಿದ್ದಳು.

ಚಂದ್ರಿಕಾ ಆಂಟಿ ಜಾಲರಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ರೀ, ಒಂದು ಹತ್ತು ನಿಮಿಷ ನಿಲ್ಲಿಸಿರ್ತೀರಾ? ಪೂರಿ ಮುಗಿಸಿ ಬರ್ತೀನಿ. ಇದರ ಕೊನೆ ನೋಡ್ಬೇಕು ನಂಗೆ.”

“ಈಗ ನಿಲ್ಲಿಸಿದ್ರೆ ರಸಭಂಗ ಆಗತ್ತೆ. ನಿನಗೆ ಅದೆಲ್ಲ ಅರ್ಥ ಆಗಲ್ಲ, ಹೋಗು.”

ಪಾರ್ಸೆಲ್ ಹುಡುಗ ಬೆಲ್ ಮಾಡಿದಾಗ ನಿಲ್ಲಿಸಿದ್ದರು. ಕಿಶೋರ್ ಬಾತ್‌ರೂಮಿಗೆ ಹೋದಾಗಲೂ ನಿಲ್ಲಿಸಿದ್ದರು. ಆಗೆಲ್ಲ ರಸ ಭದ್ರವಾಗಿತ್ತು.

ಆಂಟಿ ಒಳಗೆ ಹೋದರು. ಒಲೆ ಆರಿಸಿದ ಸದ್ದು ಕೇಳಿಸಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಸೋಫಾದಲ್ಲಿ ನನ್ನ ಪಕ್ಕ ಕೂತರು.

“ಪೂರಿ?” ಎಂದರು ಡಾಕ್ಟರರು.

“ಹಾಕಿ ರೀ, ನೋಡೋಣ.”

ಜನರೆದುರು ಜಗಳ ಬೇಡವೆಂದೋ ಏನೋ, ಹಾಕಿದರು. ಹಲಗೆ ತಾನಾಗಿಯೇ ಕೊಳೆತು ಮುರಿದಿದೆ ಎಂದು ಷರೀಫ್ ಊರವರ ಮುಂದೆ ಸಾಬೀತು ಮಾಡಿದ. ಜನ ಚದುರಿದರು. ಆಕೆ ಬಾಗಿಲಲ್ಲಿ ನಿಂತಿದ್ದಳು, ಅವನು ಹತ್ತಿರ ಬಂದು ತಬ್ಬಿಕೊಂಡ. ಡಾಕ್ಟರರ ಬೆರಳು ಆಡಿತು. ಚಿತ್ರ ಓಡಿತು, ಷರೀಫ್ ಕುದುರೆ ಹತ್ತಿ ಹೊರಟೇಹೋದ.

“ಹಿಂದಕ್ಕೆ ಹೋಗಿ” ಎಂದರು ಆಂಟಿ.

“ಅದೇನೂ ಇಲ್ಲ ಚಂದ್ರಿಕಾ, ಸುಮ್ನೆ ತಬ್ಬಾಟ.”

“ಇರಲಿ. ನಂಗೂ ವಯಸ್ಸಾಗಿದೆ, ತಡ್ಕೋತೀನಿ.”

ನಾನು ಕೈ ಚಾಚಿ ರಿಮೋಟ್ ಇಸಿದುಕೊಂಡು ಹಿಂದಕ್ಕೆ ಓಡಿಸಿದೆ. ಮೆಕ್ಯಾನಿಕ್ ಅಲ್ಲವೇ.

ಅವನು ತಬ್ಬಿಕೊಂಡ. ಆಕೆ ಅವನ ಕಿವಿಯ ಹತ್ತಿರ ಬಾಯಿ ತಂದು ನಿಧಾನವಾಗಿ ಹೇಳಿದಳು: ಹಲಗೆ ಕೊಳೆತಿರಲಿಲ್ಲ, ಆ ರಾತ್ರಿ ಅದನ್ನು ತೆಗೆದವಳು ತಾನೇ. ಷರೀಫನ ತೋಳು ಸಡಿಲವಾಯಿತು. ಹೋಗಿ ಕುದುರೆ ಹತ್ತಿದ.

ಡಾಕ್ಟರರು ಇಂಗು ತಿಂದ ಮಂಗನ ಹಾಗೆ ಪರದೆಯನ್ನೇ ನೋಡುತ್ತಿದ್ದರು. ಒಂಟಿಯಾಗಿ ಕೂತು ಸಿನಿಮಾ ನೋಡುವ ಜಾತಿಯಲ್ಲ ಅವರದು, ಕೇಳುವ ಕಿವಿ ಬೇಕು. ಹತ್ತು ಸಲವೂ ಪಕ್ಕದಲ್ಲಿ ಯಾರೋ ಇದ್ದರು, ಹತ್ತು ಸಲವೂ ಬೆರಳು ಓಡಿತ್ತು. ಅವರ ಸಾವಿತ್ರಿ ಗಂಡನನ್ನು ಬಾವಿಗೆ ಬೀಳಿಸಿದವಳೆಂದು ಅವರಿಗೇ ಗೊತ್ತಿರಲಿಲ್ಲ!

ಚಂದ್ರಿಕಾ ಆಂಟಿ ಗಂಡನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು:

“ಇಷ್ಟು ವರ್ಷ ನಾನೇನೋ ಒಳಗೆ ಪೂರಿ ಕರೀತಿದ್ದೆ ರೀ. ನೀವೇನು ನೋಡ್ತಿದ್ರಿ?”