ಖಾಲಿ ಕೊಡ, ಬಿಳಿ ಬೂಟು

೧.
ಎಲ್ಲಿಂದ ಸುರು ಮಾಡುವುದು? ಕಾಲಿನಿಂದ ಸುರು ಮಾಡಿದರೆ ನೀವು ಅಯ್ಯೋ ಪಾಪ ಅನ್ನುತ್ತೀರಿ. ಸಕ್ಕರೆಯಿಂದ ಸುರು ಮಾಡಿದರೆ ಸರಕಾರಿ ದವಾಖಾನೆಯ ಗೋಡೆಗೆ ಅಂಟಿಸುವ ಕಾಗದ ಆಗುತ್ತದೆ. ನಗುವಿನಿಂದಲೇ ಸುರು ಮಾಡಬೇಕು, ಆದರೆ ಬರೆಯುವವಳಿಗೆ ಅಷ್ಟು ಧೈರ್ಯ ಇನ್ನೂ ಬಂದಿಲ್ಲ.

(ಬರೆಯುವವಳ ಹೆಸರು ಶೇವಂತಾ. ಚಿಕ್ಕೋಡಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. 'ನಾನು' ಎಂದು ನಾಲ್ಕು ಸಲ ಬರೆದು, ನಾಲ್ಕೂ ಸಲ ಚಹಾ ಮಾಡಿಕೊಳ್ಳಲು ಎದ್ದು ಹೋದಳು. ಆದ್ದರಿಂದ ಸದ್ಯ 'ಅವಳು' ಇರಲಿ. ಪುಕ್ಕಲರಿಗೆ ಅದು ಬಹಳ ಅನುಕೂಲ.)

೧. (ಮತ್ತೆ)
೧೯೮೨. ದಿಗ್ಗೇವಾಡಿ. ಶೇವಂತಾಳ ಅವ್ವ ಮಲಕವ್ವನಿಗೆ ಸಕ್ಕರೆ ಕಾಯಿಲೆ ಎಂದು ಮಿರಜದ ಡಾಕ್ಟರು ಹೇಳಿದರು. ಗುಳಿಗೆ ಬರೆದುಕೊಟ್ಟರು. ದಿನಾ ಅರ್ಧ ತಾಸು ನಡೆಯಬೇಕು, ಆದರೆ ಬರಿಗಾಲಲ್ಲಿ ನಡೆಯಕೂಡದು ಎಂದರು. ಪಾದ ಜೋಮು ಹಿಡಿದಿದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ ಎಂದು ಮರಾಠಿಯಲ್ಲಿ ಎರಡು ಸಲ ಹೇಳಿದರು. ಮಲಕವ್ವ ಎರಡು ಸಲವೂ ಹೂಂ ಎಂದಳು.

ನಡೆಯುವುದೇನು ದೊಡ್ಡ ಮಾತು ಅಂತೀರಾ? ನೀವು ದಿಗ್ಗೇವಾಡಿಯಲ್ಲಿ ಹೆಂಗಸಾಗಿ ಬರಿಗೈಯಲ್ಲಿ ನಡೆದು ನೋಡಿಲ್ಲ. ಬುಟ್ಟಿ ಹೊತ್ತವಳನ್ನು ಯಾರೂ ಏನೂ ಕೇಳುವುದಿಲ್ಲ. ಬರಿಗೈಯವಳನ್ನು ಮಾತ್ರ ಓಣಿಯ ತುಂಬ ಕೇಳುತ್ತಾರೆ, ಎತ್ತ ಹೊಂಟಿ, ಯಾಕ ಹೊಂಟಿ, ಮನ್ಯಾಗ ಏನಾತು ಎಂದು. ಸುಮ್ಮನೆ ಹೊರಟಿದ್ದೇನೆ ಎಂದು ಗಂಡಸರು ಹೇಳಿದರೆ ನಡೆಯುತ್ತದೆ. ಮಲಕವ್ವ ಒಂದು ಉಪಾಯ ಹೂಡಿದಳು. ಎಮ್ಮೆ ಹಿಂಡಿದ ಮೇಲೆ, ರೊಟ್ಟಿಗೆ ಕೂಡ್ರುವ ಮೊದಲು, ಖಾಲಿ ಕೊಡವೊಂದನ್ನು ಟೊಂಕದ ಮೇಲಿಟ್ಟುಕೊಂಡು ಕೃಷ್ಣೆಯ ಕಡೆ ಹೊರಟಳು. ಬರಿಗಾಲಲ್ಲೇ, ಏಕೆಂದರೆ ನೀರಿಗೆ ಹೋಗುವಾಗ ಚಪ್ಪಲಿ ಮೆಟ್ಟುವ ರೂಢಿ ಆ ಮನೆಯಲ್ಲಿರಲಿಲ್ಲ.

ಹೊಳೆಯ ತನಕ ಹೋಗಿ ಖಾಲಿ ಕೊಡ ತಂದರೆ ಜನ ಏನಂದಾರು? ತುಂಬಿಕೊಂಡು ಬಂದಳು. ಎಂಟು ದಿನದಲ್ಲಿ ಮನೆಯವರು ಆ ನೀರಿಗೆ ಒಗ್ಗಿಕೊಂಡರು. ಹತ್ತನೆಯ ದಿನ, ಹೆಂಗೂ ಹೊಂಟೀಯಲ್ಲ ಎಂದು ಅತ್ತೆ ಇನ್ನೊಂದು ಕೊಡ ಕೊಟ್ಟಳು. ತನಗೆಂದು ಕದ್ದ ಅರ್ಧ ತಾಸೂ ಮನೆಗೆಲಸಕ್ಕೆ ಜಮೆಯಾಯಿತು.

(೨ನೆಯದನ್ನು ಹರಿದು ಹಾಕಲಾಗಿದೆ. ಅದರಲ್ಲಿ ತಪ್ಪೆಲ್ಲ ಅತ್ತೆಯದಾಗಿತ್ತು. ಓದಲು ಚೆನ್ನಾಗಿಯೇ ಇತ್ತು.)

೩.
ಶೇವಂತಾಳ ಅಪ್ಪ ಅಣ್ಣಾಸಾಬ ಮಿರಜಕ್ಕೆ ಹೋದವನು ಬಿಳಿ ಕ್ಯಾನ್ವಾಸ್ ಬೂಟು ತಂದ. ಆ ಊರಲ್ಲಿ ಹೆಂಡತಿಗೆ ಬೂಟು ತಂದ ಗಂಡ ಅವನೊಬ್ಬನೇ ಇರಬೇಕು. ಕೈಯಲ್ಲಿ ಕೊಡಲು ನಾಚಿ, ಜೋಳದ ಚೀಲದ ಹಿಂದೆ ಇಟ್ಟು, ಅಲ್ಲೈತಿ ನೋಡು ಎಂದು ಹೊಲಕ್ಕೆ ಹೋಗಿಬಿಟ್ಟ.

ಮರುದಿನ ಮುಂಜಾನೆ ಮಲಕವ್ವ ಕಚ್ಚೆ ಸೀರೆಯ ಕೆಳಗೆ ಬೂಟು ಹಾಕಿಕೊಂಡು ಹೊಸ್ತಿಲ ಮೇಲೆ ನಿಂತಳು. ದಾರ ಕಟ್ಟಲು ಬರದೆ ಗಂಟಿನ ಮೇಲೆ ಗಂಟು ಹಾಕಿದ್ದಳು.

(ಇಲ್ಲಿ ಶೇವಂತಾ ಪೆನ್ನು ಕೆಳಗಿಡುತ್ತಾಳೆ. ಚಹಾ.)

೩. (ಬೇರೆ ರೀತಿ)
ಹತ್ತನೇ ಇಯತ್ತೆ ಓದುತ್ತಿದ್ದ ಮಗಳು ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ದಾರ ಬಿಚ್ಚಿ ಸರಿಯಾಗಿ ಕಟ್ಟಿಕೊಟ್ಟಳು. ಮಲಕವ್ವ ಹೊಳೆಯ ದಂಡೆಗುಂಟ ನಡೆದಳು. ಇಂದಿಗೂ ನಡೆಯುತ್ತಿದ್ದಾಳೆ.

ಹಾಳೆಯೊಳಗಿಂದಲೇ ಮಲಕವ್ವ ತಡೆಯುತ್ತಾಳೆ.

"ಶೇವಂತಾ, ನೀ ಯಾವಾಗ ದಾರ ಕಟ್ಟಿದ್ದಿ ನನಗ?"

ಕಥೆಯಲ್ಲಿ ಕಟ್ಟಬಹುದು, ಬರೆಯುವವಳಿಗೆ ಅಷ್ಟು ಅಧಿಕಾರ ಬೇಡವೇ ಎಂದು ಶೇವಂತಾ ವಾದಿಸುತ್ತಾಳೆ. ಇದ್ದೀತು, ಆದರೆ ಈ ಹುಡುಗಿ ಯಾರೋ ತನಗೆ ಗುರುತು ಹತ್ತುತ್ತಿಲ್ಲ ಎನ್ನುತ್ತಾಳೆ ಮಲಕವ್ವ.

"ನೀ ಅವತ್ತ ಏನಂದಿ, ಅದನ್ನ ಬರಿ."

೩. (ಆದದ್ದು)
"ಯವ್ವಾ, ಪೀಟಿ ಮಾಸ್ತರ ಕಂಡಂಗ ಕಾಣ್ತಿ ನೋಡ ಬೇ," ಅಂದಳು ಶೇವಂತಾ. ಅಂದು ನಕ್ಕಳು. ಬಾಯಲ್ಲೇ ಸೀಟಿ ಊದಿ ತೋರಿಸಿದಳು. ಅಂಗಳದಲ್ಲಿದ್ದ ನೆರೆಮನೆಯ ಸುಂದ್ರವ್ವನೂ ನಕ್ಕಳು.

ಮಲಕವ್ವ ಒಳಗೆ ಹೋದಳು. ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಬರಿಗಾಲಲ್ಲಿ ಹೊರಗೆ ಬಂದು, ಎರಡೂ ಕೊಡ ಎತ್ತಿಕೊಂಡು ಹೊಳೆಗೆ ಹೋದಳು. ಬೂಟು ಮತ್ತೆ ಜೋಳದ ಚೀಲದ ಹಿಂದೆ ಸೇರಿತು.

ಮೂರು ವರ್ಷದ ಮೇಲೆ, ಅದೇ ಹೊಳೆಯ ದಾರಿಯಲ್ಲಿ, ಜಾಲಿಮುಳ್ಳು. ಒಳಗೇ ಮುರಿದು ಕೀವಾಗಿ ವಾಸನೆ ಬರುವ ತನಕ ಅವಳಿಗೆ ಗೊತ್ತೇ ಆಗಲಿಲ್ಲ. ಮಿರಜದಲ್ಲಿ ಮೊದಲು ಹೆಬ್ಬೆರಳು ತೆಗೆದರು, ಆಮೇಲೆ ಮೊಣಕಾಲಿನ ಕೆಳಗೆ. ಮರುವರ್ಷ ಶ್ರಾವಣದಲ್ಲಿ ತೀರಿಕೊಂಡಳು. ಇಷ್ಟನ್ನು ಬರೆಯಲು ಶೇವಂತಾಳಿಗೆ ೧೯೯೯ರ ತನಕ ಆಗಿರಲಿಲ್ಲ.

೪. ಮುಕ್ತಾಯ (ಒಂದು)
ಈಗ ಶೇವಂತಾಳಿಗೂ ಸಕ್ಕರೆ ಕಾಯಿಲೆ. ಬೂಟು ಕೊಂಡಿದ್ದಾಳೆ, ಅವ್ವನನ್ನು ನೆನೆಯುತ್ತ ದಿನಾ ನಡೆಯುತ್ತಾಳೆ.

(ದೀಪಾವಳಿ ವಿಶೇಷಾಂಕಕ್ಕೆ ಒಪ್ಪುವ ಮುಕ್ತಾಯ, ಆದರೆ ಸುಳ್ಳು. ಕಾಯಿಲೆ ನಿಜ. ಬೂಟು ಇನ್ನೂ ಡಬ್ಬಿಯಲ್ಲೇ ಇದೆ. ಮಕ್ಕಳ ಪೇಪರು ತಿದ್ದುವುದಿದೆ, ಈ ಕಥೆ ಬೇರೆ ಇದೆ, ಹೊತ್ತೇ ಸಿಕ್ಕಿಲ್ಲ.)

೪. ಮುಕ್ತಾಯ (ಇನ್ನೊಂದು)
ಮಲಕವ್ವ ಹಾಳೆಯ ಅಂಚಿಗೆ ಬಂದು ಕೂತು ಹೇಳುತ್ತಾಳೆ: "ಅವತ್ತ ನಾನೂ ನಕ್ಕಿದ್ನೆಲ್ಲ. ನಿಂದೇನೂ ತಪ್ಪಿಲ್ಲ ತಗೋ."

ಮೊದಲ ಮಾತು ನಿಜ. ಅವ್ವನೂ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ. ಹದಿನೇಳು ವರ್ಷ ಶೇವಂತಾ ಆ ನಗುವನ್ನೇ ಆಸರೆ ಮಾಡಿಕೊಂಡು ಬದುಕಿದ್ದಾಳೆ. ಎರಡನೆಯ ಮಾತನ್ನು ಅವ್ವ ಯಾವತ್ತೂ ಆಡಿರಲಿಲ್ಲ. ಅದನ್ನು ಶೇವಂತಾ ಈಗ ಕೂತು ತನಗೆ ತಾನೇ ಬರೆದುಕೊಂಡಳು. ಕ್ಷಮೆ ಬೇಡುವವಳೂ ಕೊಡುವವಳೂ ಒಬ್ಬಳೇ ಆದರೆ ಅದಕ್ಕೆ ಏನನ್ನಬೇಕು, ನೀವೇ ಹೇಳಿ. ಅವಳು ಆ ಮಾತನ್ನು ಹೊಡೆದು ಹಾಕುತ್ತಾಳೆ.

ಯಾಕೆ ಹೊಡೆದು ಹಾಕಿದೆ ಎಂದು ಮಲಕವ್ವ ಕೇಳುವುದಿಲ್ಲ. ಕೇಳುವಂತೆ ಬರೆಯಬಹುದಿತ್ತು.

೫.
ಆದ್ದರಿಂದ ಇದು ಮುಗಿಯುವುದಿಲ್ಲ. ಮಲಕವ್ವ ಹೊಸ್ತಿಲ ಮೇಲೆ ನಿಂತಿದ್ದಾಳೆ. ಕಾಲಲ್ಲಿ ಬಿಳಿ ಬೂಟು, ಟೊಂಕದ ಮೇಲೆ ಖಾಲಿ ಕೊಡ. ಹೇಗೆ ಕಾಣುತ್ತೇನೆ ಎಂದು ಕೇಳುವವಳಂತೆ ಮಗಳ ಕಡೆ ತಿರುಗಿದ್ದಾಳೆ. ಇಲ್ಲಿಗೇ ನಿಲ್ಲಿಸಬೇಕು. ಇದರ ಮುಂದೆ ಒಂದೇ ಒಂದು ವಾಕ್ಯ ಬರೆದರೂ ನಾನು ನಗುತ್ತೇನೆ.