ಮೂರನೇ ರೂಮಿನ ಕೆಮ್ಮು

ನಮ್ಮ ಸಂಘದಲ್ಲಿ ವಾರಕ್ಕೊಬ್ಬರು ಎದ್ದು ನಿಂತು ಒಂದು ಉಪಯೋಗದ ವಿಷಯ ಹೇಳ್ಬೇಕು ಅಂತ ಮಾಡವ್ರೆ. ಹೋದ ವಾರ ವನಜಾ ಸೊಳ್ಳೆ ವಿಷಯ ಹೇಳಿದ್ಲು. ಈ ವಾರ ನನ್ನ ಸರದಿ. ನಾನು ಅಂಜಿನಮ್ಮ. ರಾಜಗೋಪಾಲನಗರದಲ್ಲಿ ಎಂಟು ರೂಮಿನ ವಠಾರ ಇದೆಯಲ್ಲ, ಅದರ ಓನರ್ರು. ನನಗೆ ಭಾಷಣ ಬರಲ್ಲ ಕಣ್ರಮ್ಮ. ನಾನೇ ಮಾಡಿದ ಒಂದು ತಪ್ಪು ಹೇಳ್ತೀನಿ. ನಗೋದಾದ್ರೆ ಪೂರ್ತಿ ಕೇಳಿಸ್ಕೊಂಡು ನಗಿ.

ವಠಾರ ಇರೋ ಜಾಗದಲ್ಲಿ ಮುಂಚೆ ರಾಗಿ ಬೆಳೀತಿದ್ವಿ. ಈಗ ಬಾಡಿಗೆ ಬೆಳೀತೀವಿ ಅಂತ ನಮ್ಮೆಜಮಾನ್ರು ರಾಮಾಂಜಿನಪ್ಪ ತಮಾಷೆ ಮಾಡ್ತಾರೆ. ಎಂಟು ರೂಮಿಗೆ ಎರಡು ಬಚ್ಚಲು, ಎರಡು ಕಕ್ಕಸು, ಒಂದು ನಲ್ಲಿ. ಇರೋರೆಲ್ಲ ಪೀಣ್ಯದ ಫ್ಯಾಕ್ಟ್ರಿಗಳಿಗೆ ಹೋಗೋರು. ಮೂರನೇ ರೂಮಲ್ಲಿ ಕೂಡ್ಲಿಗಿ ಕಡೆಯೋರು, ಕೊಟ್ರಪ್ಪ, ಅವನ ಹೆಂಡ್ತಿ ಮರೆವ್ವ, ಆರು ವರ್ಷದ ಮಗಳು ನೀಲಾಂಬಿಕಾ. ಕೊಟ್ರಪ್ಪಂಗೆ ಬಫಿಂಗ್ ಕೆಲಸ. ಸ್ಟೀಲಿನ ಕೊಳಾಯಿ, ಬಾಗಿಲ ಹಿಡಿಕೆ ಎಲ್ಲಾ ತಿರುಗೋ ಚಕ್ರಕ್ಕೆ ಒತ್ತಿ ಫಳಫಳ ಅನ್ನೋ ಅಂಗೆ ಉಜ್ಜೋದು. ಸಾಯಂಕಾಲ ಮನೆಗೆ ಬಂದ್ರೆ ಎರಡು ಕಣ್ಣು ಬಿಟ್ಟು ಮಿಕ್ಕಿದ್ದೆಲ್ಲ ಕರೀ ಧೂಳು. ಮರೆವ್ವ ಗಾರ್ಮೆಂಟ್ಸಲ್ಲಿ ಹೆಲ್ಪರ್.

ಈ ಧೂಳಿನ ಕೆಲಸದವರದ್ದು ಒಂದು ಪದ್ಧತಿ ಐತೆ. ಶಿಫ್ಟ್ ಮುಗಿದ ತಕ್ಷಣ ಬಾಯಿಗೆ ಒಂದು ಉಂಡೆ ಬೆಲ್ಲ ಹಾಕ್ಕೊಳ್ಳೋದು. ಎದೆಗೆ ಹೋದ ಧೂಳೆಲ್ಲ ಬೆಲ್ಲದ ಜೊತೆ ಇಳಿದು ಹೋಗ್ತದೆ ಅಂತ ನಂಬಿಕೆ. ಕೊಟ್ರಪ್ಪ ಕೆಮ್ಮೋಕೆ ಶುರು ಮಾಡ್ದಾಗ ವಠಾರದವರೆಲ್ಲ ಹೇಳಿದ್ದು ಅದನ್ನೇ. "ಒಂದು ಉಂಡೆ ಸಾಲ್ದು, ಎರಡು ತಿನ್ನೋ" ಅಂತ. ನಾನೂ ಮನೆಯಿಂದ ಒಂದು ಅಚ್ಚು ಬೆಲ್ಲ ತಂದ್ಕೊಟ್ಟೆ, ದೊಡ್ಡ ಡಾಕ್ಟರಮ್ಮನ ಥರ.

ಕೆಮ್ಮು ನಿಲ್ಲಲಿಲ್ಲ. ಒಂದು ತಿಂಗಳಾಯ್ತು, ಎರಡು ತಿಂಗಳಾಯ್ತು. ಅಂಗಿ ಅವನ ಮೈ ಮೇಲೆ ಗೂಟಕ್ಕೆ ನೇತಾಕಿದಂಗೆ ಕಾಣ್ತಿತ್ತು. ಬೇಸಿಗೆ ಸಾಯಂಕಾಲದಲ್ಲೂ ಚಳಿ ಅಂತ ಕಂಬಳಿ ಹೊದ್ದು ಕೂರೋನು. ಆಗ ಬಂದ್ಲು ನಮ್ಮ ಆಶಾ ಕಾರ್ಯಕರ್ತೆ ಯಮುನಾ.

"ಅಣ್ಣ, ಎಷ್ಟು ದಿನದಿಂದ ಈ ಕೆಮ್ಮು?" ಅಂದ್ಲು.

"ಅದು ಧೂಳಿನ ಕೆಮ್ಮು ಬಿಡ್ರಿ ಮೇಡಂ. ಬಫಿಂಗ್ ಮಾಡೋರಿಗೆ ಎಲ್ಲರಿಗೂ ಇರತೈತಿ" ಅಂದ ಕೊಟ್ರಪ್ಪ.

ನಾನು ಸುಮ್ಮನಿರ್ಬಾರ್ದಾ? ಮಧ್ಯ ಬಾಯಿ ಹಾಕ್ದೆ. "ಏ ಯಮುನಾ, ಪೀಣ್ಯದಲ್ಲಿ ಕೆಮ್ಮದೇ ಇರೋರು ಯಾರವ್ರೆ ಹೇಳು. ಹೋಗಮ್ಮ, ಬೇರೆ ಮನೆ ನೋಡ್ಕೋ."

ಅವಳು ಹೋಗ್ಲಿಲ್ಲ. ಬಿಸಿಲಲ್ಲಿ ಬಂದಿದ್ಲು, ಬ್ಯಾಗು ಕೆಳಗಿಟ್ಟು ಕಟ್ಟೆ ಮೇಲೆ ಕೂತ್ಲು. "ಧೂಳಿನ ಕೆಮ್ಮೋ, ಟಿಬಿ ಕೆಮ್ಮೋ ಕಿವಿಗೆ ಗೊತ್ತಾಗಲ್ಲ ಅಕ್ಕ. ಕಫ ಪರೀಕ್ಷೆ ಮಾಡಿದ್ರೇನೇ ಗೊತ್ತಾಗೋದು. ಎರಡು ವಾರ ದಾಟಿದ ಕೆಮ್ಮು, ಸಾಯಂಕಾಲದ ಜ್ವರ, ತೂಕ ಇಳಿಯೋದು, ಕಫದಲ್ಲಿ ರಕ್ತ, ಇದರಲ್ಲಿ ಒಂದಿದ್ರೂ ತೋರಿಸ್ಬೇಕು. ಅದೂ ಧೂಳಲ್ಲಿ ಕೆಲಸ ಮಾಡೋರಿಗೆ ಟಿಬಿ ಬೇಗ ಅಂಟ್ಕೊಳ್ತದೆ. ಬೆಲ್ಲ ಹೋಗೋದು ಹೊಟ್ಟೆಗೆ, ಎದೆಗಲ್ಲ. ಸರ್ಕಾರಿ ಆಸ್ಪತ್ರೇಲಿ ಪರೀಕ್ಷೆಗೆ ಒಂದು ಪೈಸೆ ಕೊಡಂಗಿಲ್ಲ" ಅಂದ್ಲು.

ಕೊಟ್ರಪ್ಪ ಒಪ್ಪಲಿಲ್ಲ. ಒಂದು ದಿನ ರಜಾ ಹಾಕಿದ್ರೆ ಒಂದು ದಿನದ ಸಂಬಳ ಹೋಯ್ತಲ್ಲ. ಆದ್ರೆ ಮರೆವ್ವ ಗಟ್ಟಿಗಿತ್ತಿ. "ಒಂದಿನದ ಪಗಾರ ಹೋದ್ರ ಹೋಗಲಿ. ನೀನ ಹೋದ್ರ ನಾವು ಏನು ಮಾಡೋಣು?" ಅಂತ ಹೇಳಿ ಮಾರನೇ ದಿನ ಬೆಳಗ್ಗೇನೇ ಗಂಡನ್ನ ಎಬ್ಬಿಸ್ಕೊಂಡು ಹೋದ್ಲು. ಪರೀಕ್ಷೆ ಮಾಡಿದ್ರು. ಟಿಬಿನೇ ಅಂತ ಬಂತು. ಅವತ್ತೇ ಮಾತ್ರೆ ಕೊಟ್ಟು ಕಳಿಸಿದ್ರು.

ಈಗ ಕೇಳಿ, ಆ ಹೆಣ್ಣುಮಗಳ ದೊಡ್ಡತನ. ಮುಚ್ಚಿಡಬಹುದಾಗಿತ್ತು. ಯಾರಿಗೆ ಗೊತ್ತಾಗ್ತಿತ್ತು? ಆಸ್ಪತ್ರೆಯಿಂದ ಬಂದೋಳು ಸೀದಾ ನಮ್ಮನೆ ಬಾಗಿಲಿಗೆ ಬಂದ್ಲು, ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಅಮ್ಮಾರ, ನಮ್ಮನಿಯವ್ರಿಗೆ ಟಿಬಿ ಅಂತ ಬಂದೈತ್ರಿ. ವಠಾರದಾಗ ಸಣ್ಣ ಹುಡುಗ್ರು ಅದಾವು. ಎಲ್ಲರೂ ತೋರಿಸಿಕೊಳ್ಳೋದು ಚಲೋ ಅಂತ ಡಾಕ್ಟ್ರು ಹೇಳ್ಯಾರ. ಮುಚ್ಚಿಡಬಾರದು ಅಂತ ಮೊದ್ಲ ನಿಮಗ ಹೇಳಾಕ ಬಂದೆ."

ನಾನೇನು ಮಾಡ್ದೆ ಗೊತ್ತಾ? ಸೆರಗಿಂದ ಮೂಗು ಮುಚ್ಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. "ಭಾನುವಾರದೊಳಗೆ ರೂಮು ಖಾಲಿ ಮಾಡ್ಬಿಡಿ. ನಿಮ್ಮ ಅಡ್ವಾನ್ಸ್ ಪೂರ್ತಿ ಕೊಡ್ತೀನಿ" ಅಂದೆ. ಅದೂ ಏನೋ ಉಪಕಾರ ಮಾಡೋಳ ಥರ. ಅವತ್ತು ಗುರುವಾರ. ಮರೆವ್ವ ತಲೆ ಬಗ್ಗಿಸ್ಕೊಂಡು ಹೋದ್ಲು. ಆ ಮುಖ ನೆನೆಸ್ಕೊಂಡ್ರೆ ಇವತ್ತಿಗೂ ನಂಗೆ ಊಟ ಸೇರಲ್ಲ.

ಶುಕ್ರವಾರ ಯಮುನಾ ಓಡ್ಕೊಂಡು ಬಂದ್ಲು.

"ಅಕ್ಕ, ಟಿಬಿ ನಲ್ಲಿಯಿಂದ ಬರಲ್ಲ, ತಟ್ಟೆ ಲೋಟದಿಂದ ಬರಲ್ಲ, ಕಕ್ಕಸಿಂದ ಬರಲ್ಲ. ಕೆಮ್ಮಿದಾಗ ಗಾಳೀಲಿ ಬರ್ತದೆ. ಬಾಯಿಗೆ ಮಾಸ್ಕ್ ಹಾಕ್ಕೊಂಡು, ಕಿಟಕಿ ತೆಗೆದಿಟ್ಟು, ಮಾತ್ರೆ ಸರಿಯಾಗಿ ತಗೊಂಡ್ರೆ ಕೆಲವೇ ವಾರದಲ್ಲಿ ಹರಡೋದು ಕಮ್ಮಿ ಆಗ್ತದೆ. ಈಗ ನೀವು ಓಡಿಸಿದ್ರೆ ಅವರು ರೂಮು ಹುಡುಕ್ಕೊಂಡು ಅಲೀತಾರೆ. ಮಾತ್ರೆ ತಪ್ತದೆ. ಮಧ್ಯದಲ್ಲಿ ಮಾತ್ರೆ ಬಿಟ್ರೆ ರೋಗ ಬಲಿತದೆ. ಆಮೇಲೆ ಅವನು ಉಳಿಯೋದು ಕಷ್ಟ."

"ನಿನ್ನ ಪಾಠ ನಿನ್ನ ಹತ್ರಾನೇ ಇಟ್ಕೋ. ಮಿಕ್ಕ ಏಳು ರೂಮಿನವರ ಗತಿ ನಾನು ನೋಡ್ಬೇಕಲ್ಲ" ಅಂತ ಗದರಿದೆ.

"ಆಯ್ತು, ಅವರನ್ನೂ ಕೇಳೋಣ ಬನ್ನಿ" ಅಂತ ಒಂದೊಂದೇ ಬಾಗಿಲು ತಟ್ಟಿದ್ಲು. ಯಾರಿಗಾದ್ರೂ ಕೆಮ್ಮು ಐತಾ? ಇಲ್ಲ. ಜ್ವರ? ಇಲ್ಲ. ಎಲ್ಲಾರೂ ಕಲ್ಲುಗುಂಡು! ಐದನೇ ರೂಮಿನ ಮಲಕಪ್ಪ ಅವತ್ತು ಬೆಳಗ್ಗೆ ನಲ್ಲಿ ಹತ್ರ ಕೆಮ್ಮಿ ಕೆಮ್ಮಿ ಬಗ್ಗಿ ಹೋಗಿದ್ದ, ನಾನೇ ನೋಡಿದ್ದೆ. ಅವನೂ ನನ್ನ ಮುಖ ನೋಡ್ಬಿಟ್ಟು "ಏನೂ ಇಲ್ರಿ, ಆರಾಮ ಅದೀನಿ" ಅಂದ.

ಯಮುನಾ ಕೈ ಮುಗಿದ್ಲು. "ನೋಡಿದ್ರಾ ಅಕ್ಕ? ರೂಮು ಹೋಗ್ತದೆ ಅಂತ ಕೆಮ್ಮು ನುಂಗ್ತಾವ್ರೆ. ಹಿಂಗೆ ಮುಚ್ಚಿಟ್ಟರೇನೇ ರೋಗ ಹರಡೋದು."

"ನಮ್ಮನೇಲಿ ಮುಚ್ಚಿಡೋರು ಯಾರೂ ಇಲ್ಲ ಕಣಮ್ಮ" ಅಂತ ಬೀಗ್ದೆ ನಾನು.

ಶನಿವಾರ ಮಧ್ಯಾಹ್ನ ಒಣಮೆಣಸಿನಕಾಯಿ ಹರವೋಣ ಅಂತ ತಾರಸಿಗೆ ಹತ್ತಿದೆ. ನೀರಿನ ಟ್ಯಾಂಕ್ ಹಿಂದಿಂದ ಏನೋ ಸದ್ದು. ಹೋಗಿ ನೋಡಿದ್ರೆ ನಮ್ಮೆಜಮಾನ್ರು! ಮೂಲೇಲಿ ಕುಕ್ಕರುಗಾಲಲ್ಲಿ ಕೂತು, ಸದ್ದು ಕೆಳಗೆ ಕೇಳಬಾರದು ಅಂತ ಟವೆಲ್ ಬಾಯಿಗೆ ತುರುಕ್ಕೊಂಡು ಕೆಮ್ತಾವ್ರೆ. ಕಣ್ಣಲ್ಲಿ ನೀರು ಸುರೀತಿದೆ.

"ಅಯ್ಯೋ ಶಿವನೇ! ಎಷ್ಟು ದಿನದಿಂದ ಇದು?"

"ಒಂದು ತಿಂಗಳಾಯ್ತು" ಅಂದ್ರು.

"ನಂಗ್ಯಾಕೆ ಹೇಳ್ಲಿಲ್ಲ?"

"ಬೀಡಿ ಕೆಮ್ಮು ಅನ್ಕೊಂಡಿದ್ದೆ. ಆಮೇಲೆ ಹೇಳೋಣ ಅಂತ ಮನಸ್ಸು ಮಾಡ್ದೆ. ಮೊನ್ನೆ ನೀನು ಮರೆವ್ವಂಗೆ ಹೇಳಿದ್ದು ಒಳಗಡೆ ಕೂತು ಕೇಳಿಸ್ಕೊಂಡೆ ಕಣೇ. ನಂಗೂ ಭಾನುವಾರದವರೆಗೆ ತಾನೇ ಟೈಮ್ ಕೊಡೋದು ಅಂತ ಸುಮ್ಮನಾಗ್ಬಿಟ್ಟೆ."

ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡ ಕಣ್ರಮ್ಮ. ನನಗೆ ಹೆದರಿಕೊಂಡು ಟ್ಯಾಂಕ್ ಹಿಂದೆ ಅವಿತ್ಕೊಂಡು ಕೆಮ್ತಿದ್ರು. ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೇಲಿ ನೊಣ ಹುಡುಕಿದ್ಲಂತೆ ಅಂತಾರಲ್ಲ, ಅದು ನಾನೇ. ದಿನಾ ಸಾಯಂಕಾಲ ಇವರೂ ಕೊಟ್ರಪ್ಪನೂ ಮೂರನೇ ರೂಮಲ್ಲಿ ಕೂತು ಕ್ರಿಕೆಟ್ ನೋಡೋರು. ಯಾರಿಂದ ಯಾರಿಗೆ ಬಂತೋ ಆ ದೇವರಿಗೇ ಗೊತ್ತು. ಓನರ್ರಿಂದ ಬಾಡಿಗೆಯವನಿಗೆ ಬಂದಿರಬಹುದಲ್ಲ?

ಮೆಣಸಿನಕಾಯಿ ಅಲ್ಲೇ ಬಿಟ್ಟು ಮೂರನೇ ರೂಮಿಗೆ ಓಡಿದೆ. ಮರೆವ್ವ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಕಟ್ತಿದ್ಲು. ಕೊಟ್ರಪ್ಪ ಗೋಡೆಗೆ ಒರಗಿ ಕೂತಿದ್ದ. ಎಲ್ಲಿ ಕೇಳಿದ್ರೂ ರೂಮು ಸಿಕ್ಕಿರಲಿಲ್ಲ, ಊರಿಗೇ ಹೋಗೋದು ಅಂತ ತೀರ್ಮಾನ ಮಾಡಿದ್ರಂತೆ. ನಾನು ಹೊಸ್ತಿಲ ಮೇಲೆ ಕೂತೆ.

"ಮರೆವ್ವ, ನಮ್ಮೆಜಮಾನ್ರೂ ಕೆಮ್ತಾವ್ರೆ ಕಣೇ. ಒಂದು ತಿಂಗಳಾಯ್ತಂತೆ."

ಅವಳ ಜಾಗದಲ್ಲಿ ನಾನಿದ್ದಿದ್ರೆ ಚೆನ್ನಾಗಿ ಉಗಿದು ಉಪ್ಪಾಕ್ತಿದ್ದೆ. ಅವಳು ಏನು ಮಾಡಿದ್ಲು? ಮೊದಲು ಒಂದು ಲೋಟ ನೀರು ಕೊಟ್ಲು. ಆಮೇಲೆ ಕಟ್ಟಿದ್ದ ಚೀಲ ಬಿಚ್ಚಿ, ಕೈ ಹಾಕಿ ತಡಕಾಡಿ, ಆಸ್ಪತ್ರೆಯವರು ಕೊಟ್ಟಿದ್ದ ಒಂದು ಖಾಲಿ ಡಬ್ಬಿ ತೆಗೆದ್ಲು.

"ಹೆದರಬ್ಯಾಡ್ರಿ ಅಮ್ಮಾರ. ಮುಂಜಾನೆ ಎದ್ದ ಕೂಡ್ಲೆ ಬಾಯಿ ಮುಕ್ಕಳಿಸಿ, ಎದಿಯೊಳಗಿಂದ ಕೆಮ್ಮಿ ತೆಗೆದ ಕಫ ಇದರಾಗ ಹಾಕಬೇಕು. ಬರೀ ಉಗುಳು ಹಾಕಿದ್ರ ಆಗಂಗಿಲ್ರಿ. ಸೋಮವಾರ ಡಬ್ಬಿ ತುಂಬಿಸಿ ಮುಚ್ಚಳ ಗಟ್ಟಿ ಹಾಕ್ರಿ, ಆಸ್ಪತ್ರಿಗೆ ನಾನ ನಿಮ್ಮ ಜೋಡಿ ಬರ್ತೀನಿ."

ನಾನು ಅವಳ ಎರಡೂ ಕೈ ಹಿಡ್ಕೊಂಡು ಅತ್ತೆ. ಗಟ್ಟಿಯಾಗಿ, ವಠಾರಕ್ಕೆಲ್ಲ ಕೇಳೋ ಅಂಗೆ ಅತ್ತೆ. "ಎಲ್ಲಿಗೂ ಹೋಗ್ಬೇಡ ಕಣವ್ವ, ತಪ್ಪಾಯ್ತು" ಅಂದೆ. ಸಿಟ್ಟಲ್ಲಿ ಕುಯ್ದ ಮೂಗು ಆಮೇಲೆ ಬರ್ತದಾ ಅಂತಾರೆ. ನನ್ನ ಪುಣ್ಯ, ಮರೆವ್ವ ಸಿಟ್ಟು ಇಟ್ಕೊಳ್ಳದೆ ಉಳ್ಕೊಂಡ್ಲು. ಚೀಲದಿಂದ ಪಾತ್ರೆ ಒಂದೊಂದೇ ತೆಗೆದು ಶೆಲ್ಫಿಗೆ ನಾನೇ ಜೋಡಿಸ್ದೆ.

ನಮ್ಮೆಜಮಾನ್ರಿಗೂ ಟಿಬಿ ಅಂತಾನೇ ಬಂತು. ಅದನ್ನ ನಾನು ಮುಚ್ಚಿಡಲಿಲ್ಲ. ನಲ್ಲಿ ಹತ್ರ ಎಲ್ಲಾರನ್ನೂ ಕರೆದು ಹೇಳ್ದೆ. "ನಮ್ಮನೇಲೂ ಐತೆ. ಯಾರ ರೂಮೂ ಖಾಲಿ ಆಗಲ್ಲ. ಕೆಮ್ಮೋರೆಲ್ಲ ಬಾಯಿ ಬಿಡ್ರಪ್ಪ." ನಾಕು ಜನ ಮುಂದೆ ಬಂದ್ರು. ಪರೀಕ್ಷೇಲಿ ಅವರ್ಯಾರಿಗೂ ಟಿಬಿ ಬರಲಿಲ್ಲ, ಮಲಕಪ್ಪಂಗೆ ಧೂಳಿಂದಾನೇ ಎದೆ ಕೆಟ್ಟಿತ್ತು. ಅದಕ್ಕೆ ಬೇರೆ ಔಷಧಿ ಕೊಟ್ಟು, ಮಾಸ್ಕ್ ಇಲ್ಲದೆ ಮಿಷನ್ ಮುಂದೆ ನಿಲ್ಲಬೇಡ ಅಂದ್ರು. ನೀಲಾಂಬಿಕಾನೂ ಪರೀಕ್ಷೆ ಮಾಡಿ, ರೋಗ ಬರದಂಗೆ ತಡೆಯೋ ಮಾತ್ರೆ ಕೊಟ್ರು. ಮೂರನೇ ರೂಮಿನ ಕಿಟಕಿಗೆ ಅಡ್ಡ ನಾನು ಜೋಡಿಸಿದ್ದ ಹಳೇ ಶೀಟು, ಸೌದೆ ಎಲ್ಲಾ ನಾನೇ ತೆಗೆಸ್ದೆ. ಗಾಳಿ ಬೆಳಕು ಬಂತು.

ಮಾತ್ರೆ ಶುರು ಮಾಡಿದ ದಿನ ನಮ್ಮೆಜಮಾನ್ರು ಕಕ್ಕಸಿಂದ ಕಿರುಚ್ಕೊಂಡು ಓಡಿ ಬಂದ್ರು. "ರಕ್ತ ಹೋಗ್ತಾ ಐತೆ! ನಾನು ಸತ್ತೆ!" ಅಂತ. ಮರೆವ್ವ ಹೊಟ್ಟೆ ಹಿಡ್ಕೊಂಡು ನಕ್ಕಳು. "ರಕ್ತ ಅಲ್ರಿ ಯಜಮಾನ್ರ! ಗುಳಿಗಿ ಬಣ್ಣರಿ ಅದು. ನಮ್ಮವ್ರೂ ಹಿಂಗ ಅಂಜಿದ್ರು. ಮೂತ್ರ ಕೆಂಪಗ ಬರತೈತಿ ಅಂತ ಡಾಕ್ಟ್ರು ಮೊದ್ಲ ಹೇಳಿದ್ರಲ್ಲ, ನಿಮ್ಮ ಲಕ್ಷ್ಯ ಎಲ್ಲಿತ್ರಿ?" ವಠಾರವೆಲ್ಲ ನಕ್ಕಿತು.

ಆದ್ರೆ ಆರು ತಿಂಗಳು ನಗೋ ಮಾತಲ್ಲ. ಎರಡನೇ ತಿಂಗಳಿಗೆ ಕೊಟ್ರಪ್ಪನ ಕೆಮ್ಮು ನಿಂತು, ತೂಕ ಏರ್ತು. "ಆರಾಮಾತು, ಇನ್ನ ಗುಳಿಗಿ ಸಾಕು" ಅಂತ ರಾಗ ಎಳೆದ. ಮರೆವ್ವ ಸೊಂಟಕ್ಕೆ ಕೈ ಕೊಟ್ಟು ನಿಂತ್ಲು. "ಡಾಕ್ಟ್ರು ಸಾಕು ಅನ್ನೋ ತನಕ ನೀನು ಸಾಕು ಅನ್ನಂಗಿಲ್ಲ." ಅವತ್ತಿಂದ ಇಬ್ಬರು ಗಂಡಸರನ್ನೂ ದಿನಾ ಬೆಳಗ್ಗೆ ಕಟ್ಟೆ ಮೇಲೆ ಕೂರಿಸಿ, ನುಂಗಿ ಬಾಯಿ ತೆರೆದು ತೋರಿಸೋವರೆಗೂ ಕದಲ್ತಿರಲಿಲ್ಲ. ಚಿಕಿತ್ಸೆ ಮುಗಿಯೋವರೆಗೂ ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರದಿಂದ ಬ್ಯಾಂಕ್ ಖಾತೆಗೆ ತಿಂಗಳಿಗೆ ಸಾವಿರ ರೂಪಾಯಿ ಬರ್ತದೆ. ಅದರಲ್ಲಿ ಮೊಟ್ಟೆ, ಬೇಳೆ, ಕಡಲೆಬೀಜ ತಂದ್ಲು. ಬೀಡಿ ಕಟ್ಟು ಕಂಡ್ರೆ ಕಸಕ್ಕೆ ಎಸೀತಿದ್ಲು. ಇದೆಲ್ಲ ಮಾಡಿದ್ದು ಗಾರ್ಮೆಂಟ್ಸಲ್ಲಿ ದಿನವಿಡೀ ನಿಂತು ದುಡಿದು ಬರೋ ಹೆಣ್ಣು. ಓದಿರೋದು ನಾಕನೇ ಕ್ಲಾಸು. ಅವಳ ಮುಂದೆ ಎಂಟು ರೂಮಿನ ಓನರ್ರು ನಾನು ಏನೇನೂ ಅಲ್ಲ.

ಹೋದ ತಿಂಗಳು ಇಬ್ಬರಿಗೂ ಮತ್ತೆ ಪರೀಕ್ಷೆ ಮಾಡಿದ್ರು. ಪೂರ್ತಿ ವಾಸಿ ಆಗೈತೆ ಅಂತ ಡಾಕ್ಟ್ರು ಹೇಳಿದ್ರು. ಕೊಟ್ರಪ್ಪ ಈಗ ಅದೇ ಫ್ಯಾಕ್ಟ್ರೀಲಿ ಪ್ಯಾಕಿಂಗ್ ಕೆಲಸ ಮಾಡ್ತಾನೆ. ನಮ್ಮೆಜಮಾನ್ರು ನನ್ನ ಪಕ್ಕದಲ್ಲೇ ಮಲಗಿ ಚೆನ್ನಾಗಿ ಗೊರಕೆ ಹೊಡೀತಾರೆ.

ಅವತ್ತು ಮರೆವ್ವ ಬಾಯಿ ಬಿಡದೆ ಹೋಗಿದ್ರೆ, ನಮ್ಮೆಜಮಾನ್ರ ಕೆಮ್ಮನ್ನ ನಾನೂ ಬೀಡಿ ಕೆಮ್ಮು ಅಂತಿದ್ದೆ. ನಾನಿವತ್ತು ಇಷ್ಟು ಗಟ್ಟಿಯಾಗಿ ಮಾತಾಡೋ ಸ್ಥಿತೀಲಿ ಇರ್ತಿರಲಿಲ್ಲ ತಾಯಂದಿರಾ. ಬಾಡಿಗೆ ಕೊಟ್ಟಿರೋರು ಇಲ್ಲಿ ತುಂಬಾ ಜನ ಇದೀರ. ಕೈ ಮುಗಿದು ಕೇಳ್ಕೋತೀನಿ, ರೋಗ ಅಂದ ತಕ್ಷಣ ಮನುಷ್ಯರನ್ನ ಬೀದಿಗೆ ಹಾಕ್ಬೇಡಿ. ಹೊರಗೆ ಹಾಕಿದ್ರೆ ರೋಗ ಹೋಗಲ್ಲ, ಅವಿತ್ಕೊಳ್ತದೆ. ಬಾಡಿಗೆಗೆ ಇರೋರಿಗೂ ಹೇಳ್ತೀನಿ. ಧೂಳು, ಬೀಡಿ, ಹವಾ ಅಂತ ನಿಮಗೆ ನೀವೇ ಸಮಾಧಾನ ಹೇಳ್ಕೋಬೇಡಿ. ಟಿಬಿ ವಾಸಿ ಆಗೋ ರೋಗ. ಪರೀಕ್ಷೆ ಪುಕ್ಕಟೆ, ಮಾತ್ರೆ ಪುಕ್ಕಟೆ. ಊರಿಗೆ ಹೋಗ್ಬೇಕಾದ್ರೂ ಮೊದಲೇ ಹೇಳಿ, ಅಲ್ಲಿನ ಸರ್ಕಾರಿ ಆಸ್ಪತ್ರೇಲೇ ಮಾತ್ರೆ ಸಿಗೋ ಅಂಗೆ ಮಾಡ್ತಾರೆ.

ನನ್ನ ಮಾತು ಮುಗೀತು. ಈಗ ನಿಮ್ಮ ಸರದಿ. ಎರಡು ವಾರ ದಾಟಿದ ಕೆಮ್ಮು ನಿಮಗಾಗ್ಲಿ, ನಿಮ್ಮ ಮನೆಯವರಿಗಾಗ್ಲಿ ಇದ್ರೆ ಇಲ್ಲೇ, ಈಗಲೇ ಕೈ ಎತ್ತಿ. ಯಮುನಾ ಡಬ್ಬಿ ತಂದವ್ಳೆ. ಆಸ್ಪತ್ರೆಗೆ ಒಬ್ಬರೇ ಹೋಗೋಕೆ ಭಯ ಆದ್ರೆ, ಅಗೋ, ಬಾಗಿಲ ಹತ್ರ ಹಸಿರು ಸೀರೇಲಿ ಕೂತವ್ಳಲ್ಲ, ಅವಳೇ ಮರೆವ್ವ. ಜೊತೇಲಿ ಬರ್ತಾಳೆ.