ಎಂಟನೇ ನಂಬರಿನ ಗೋಡೌನು

ಅಪ್ಪನ ಚಪ್ಪಲಿ ಅಂಗಡಿಯಲ್ಲಿ ಎಂಟನೇ ನಂಬರಿನ ಒಂದು ಜೊತೆಯೂ ಇರಲಿಲ್ಲ. ಆರೂ ಇರಲಿಲ್ಲ, ನಾಲ್ಕೂ ಇರಲಿಲ್ಲ. ಐದು, ಏಳು, ಒಂಬತ್ತು ಬೇಕಾದಷ್ಟಿದ್ದವು. ಸಮಸಂಖ್ಯೆಯವೆಲ್ಲ ರಸ್ತೆಯ ಆಚೆ, ನೀಲಿ ಶಟರಿನ ಎದುರಂಗಡಿಯಲ್ಲಿದ್ದವು.

ಇದು ಇಪ್ಪತ್ತಾರು ವರ್ಷದ ಏರ್ಪಾಡು. ಅಪ್ಪನೂ ಎದುರಂಗಡಿಯ ಒಡತಿಯೂ ಒಂದು ಕಾಲಕ್ಕೆ ಒಬ್ಬನೇ ಯಜಮಾನನ ಕೈಕೆಳಗೆ, ಗಿರಾಕಿಗಳ ಕಾಲ ಬುಡದಲ್ಲಿ ಕೂತು ಕೆಲಸ ಕಲಿತವರು. ಸ್ವಂತ ಅಂಗಡಿ ಹಾಕಿದಾಗ ಇಬ್ಬರ ಕೈಯಲ್ಲೂ ಹೆಚ್ಚೇನೂ ಇರಲಿಲ್ಲ. ಸಗಟು ವ್ಯಾಪಾರಿ ಒಂದು ಮಾದರಿಯ ಎಲ್ಲ ಸೈಜುಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತಾನೆ, ಬಿಡಿಯಾಗಿ ಕೊಡುವುದಿಲ್ಲ. ಒಬ್ಬರೇ ಕೊಂಡರೆ ಹತ್ತು ಮಾದರಿಗೆ ಅಂಗಡಿ ತುಂಬಿಹೋಗುತ್ತದೆ. ಇಬ್ಬರೂ ಸೇರಿ ಕೊಂಡು ಹಂಚಿಕೊಂಡರೆ ಅಷ್ಟೇ ಜಾಗದಲ್ಲಿ ಇಪ್ಪತ್ತು ಮಾದರಿ ಇಡಬಹುದು. ಹಾಗಾಗಿ ಬೆಸ ಇಲ್ಲಿ, ಸಮ ಅಲ್ಲಿ. ಯಾರಾದರೂ ಎಂಟು ಕೇಳಿದರೆ ಅಪ್ಪ, ಐದು ನಿಮಿಷ ಕೂತಿರಿ, ಗೋಡೌನಿಂದ ತರಿಸುತ್ತೇನೆ ಅನ್ನುತ್ತಿದ್ದ. ಅಲ್ಲಿ ಯಾರಾದರೂ ಏಳು ಕೇಳಿದರೆ ಆಕೆಯೂ ಅದನ್ನೇ ಅಂದು ಇಲ್ಲಿಗೆ ಫೋನು ಮಾಡುತ್ತಿದ್ದಳು. ಗೋಡೌನು ಅನ್ನುವುದು ಇಬ್ಬರಿಗೂ ಇರಲಿಲ್ಲ.

ಗೋಡೌನಿಗೆ ಓಡುವ ಕೆಲಸ ಮಗಳದು. ಹಿಂಬಾಗಿಲಿಂದ ಹೊರಬಿದ್ದು, ಓಣಿಯಲ್ಲಿ ನಡೆದು, ಟೈಲರ್ ಅಂಗಡಿಯ ಮೂಲೆಯಲ್ಲಿ ರಸ್ತೆ ದಾಟಿ, ಎದುರಂಗಡಿಯ ಹಿಂಬಾಗಿಲು ಹೊಕ್ಕು, ಡಬ್ಬವನ್ನು ಬಟ್ಟೆಚೀಲದೊಳಗೆ ಇಳಿಬಿಟ್ಟುಕೊಂಡು ಬಂದ ದಾರಿಯಲ್ಲೇ ವಾಪಸು. ಆರನೇ ಕ್ಲಾಸಿನಿಂದ ಇದೇ ಓಟ. ನಿಂತಲ್ಲಿ ನಿಲ್ಲದವಳೆಂದು ಎದುರಂಗಡಿಯಾಕೆ ಅವಳಿಗೆ ಗಿರಗಿಟ್ಲೆ ಎಂದು ಹೆಸರಿಟ್ಟಳು, ಅದೇ ನಿಂತಿತು. ಗಿರಗಿಟ್ಲೆ ಆಕೆಯನ್ನು ಅತ್ತೆ ಅನ್ನುತ್ತಿದ್ದಳು. ರಕ್ತಸಂಬಂಧ ಏನೂ ಇಲ್ಲ. ಅಪ್ಪ ತಂಗಿ ಅನ್ನುತ್ತಿದ್ದ, ಹಾಗಾಗಿ ಇವಳಿಗೆ ಅತ್ತೆ.

ಗಿರಾಕಿಗಳ ಕಣ್ಣಿಗೆ ಮಾತ್ರ ಇವರದು ಹಾವು ಮುಂಗುಸಿ. ಎದುರುಗಡೆ ಕಡಿಮೆಗೆ ಕೊಡ್ತಾರೆ ಎಂದು ಯಾರಾದರೂ ಚೌಕಾಸಿಗೆ ಇಳಿದರೆ ಅಪ್ಪ ಮುಖ ಗಂಟು ಹಾಕಿಕೊಂಡು, "ಹಾಗಾದ್ರೆ ಅಲ್ಲೇ ತಗೊಳ್ಳಿ, ಮೂರೇ ತಿಂಗಳಿಗೆ ಅಟ್ಟೆ ಬಾಯಿ ಬಿಡುತ್ತೆ" ಅನ್ನುತ್ತಿದ್ದ. ಅದೇ ಗಿರಾಕಿ ರಸ್ತೆ ದಾಟಿದರೆ ಅತ್ತೆಯೂ ಇವನ ಮಾಲಿಗೆ ಅದೇ ಶಾಪ ಹಾಕುತ್ತಿದ್ದಳು. ಸಂಜೆ ಇಬ್ಬರೂ ಹಿಂದಿನ ಓಣಿಯಲ್ಲಿ ಚಹಾ ಕುಡಿಯುತ್ತ, ಇವತ್ತು ಯಾರು ಯಾರನ್ನು ಎಷ್ಟು ಬೈದರು ಎಂದು ಲೆಕ್ಕ ಹಾಕಿ ನಗುತ್ತಿದ್ದರು.

ರಸ್ತೆಯ ತುದಿಯಲ್ಲಿ ನಾಲ್ಕು ಮಹಡಿಯ ಮಳಿಗೆ ಎದ್ದ ಮೇಲೆ ಎರಡೂ ಅಂಗಡಿಗಳ ಮೆಟ್ಟಿಲು ಹತ್ತುವ ಕಾಲುಗಳು ಕಡಿಮೆಯಾದವು. ಡಿಗ್ರಿ ಮುಗಿಸಿ ಗಲ್ಲಾಪೆಟ್ಟಿಗೆಯ ಪಕ್ಕ ಕೂತಿದ್ದ ಗಿರಗಿಟ್ಲೆ ಅಂಗಡಿಯ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಪೇಜು ತೆರೆದಳು. ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿ ಚಪ್ಪಲಿ ಇಟ್ಟು ಫೋಟೋ ತೆಗೆದಳು. ಮೊದಲ ತಿಂಗಳು ಬಿದ್ದದ್ದು ಹನ್ನೆರಡು ಲೈಕು. ಅದರಲ್ಲಿ ಏಳು ನೆಂಟರವು, ಆ ಏಳರಲ್ಲೂ ಒಂದು, ಸಾವಿನ ಸುದ್ದಿಗೂ ಲೈಕು ಒತ್ತುವ ಚಿಕ್ಕಪ್ಪನದು.

ಫೋನಿನಲ್ಲೇ ಒಂದು ಕ್ಲಾಸು ಕೇಳಿದಳು. ಬ್ರಾಂಡ್ ಅಂದರೆ ಬೋರ್ಡಿನ ಮೇಲಿನ ಹೆಸರಲ್ಲ, ಗಿರಾಕಿಗೆ ಕೊಟ್ಟ ಮಾತು ಎಂದು ಅದರಲ್ಲಿ ಒಬ್ಬ ಹೇಳಿದ. ಸರಿ, ಇವಳು ಪೇಜಿನ ನೆತ್ತಿಯ ಮೇಲೆ ಬರೆದಳು: ಕೇಳಿದ ಸೈಜು, ಐದೇ ನಿಮಿಷ. ಅಪ್ಪ ಓದಿ, ಇದನ್ನು ನಾನು ಇಪ್ಪತ್ತಾರು ವರ್ಷದಿಂದ ಹೇಳ್ತಾ ಇದ್ದೀನಿ, ಇದಕ್ಕೂ ಕ್ಲಾಸು ಬೇಕಿತ್ತಾ ಎಂದು ಕೇಳಿದ.

ಮಾತು ಕೊಟ್ಟರಷ್ಟೇ ಸಾಲದು, ಕಾಣಿಸಬೇಕು ಎಂದಳು ಅವಳ ಕಾಲೇಜಿನ ಗೆಳತಿ. ಇಬ್ಬರೂ ಸೇರಿ ಒಂದು ಮಧ್ಯಾಹ್ನ, ಅಪ್ಪ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ರೀಲು ಮಾಡಿದರು. ಗೆಳತಿ ಫೋನನ್ನು ಎದೆಯ ಹತ್ತಿರ ಹಿಡಿದುಕೊಂಡು ಎದುರಂಗಡಿಗೆ ಹೋಗಿ ಅಣ್ಣನಿಗೆ ಒಂಬತ್ತು ಬೇಕು ಎಂದಳು. ಅತ್ತೆ ಎಂದಿನಂತೆ ಕೂರಿಸಿ, ಗೋಡೌನಿಗೆ ಫೋನು ಮಾಡಿದಳು. ಆ ಫೋನು ಗಿರಗಿಟ್ಲೆಯ ಕೈಯಲ್ಲಿ ನಾಲ್ಕು ಸಲ ಹೊಡೆದುಕೊಂಡಿತು. ಅವಳು ಎತ್ತಲಿಲ್ಲ. ರೀಲಿನ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಅತ್ತೆ ಸೀರೆಯ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಈಗ ಬರುತ್ತೆ, ಈಗ ಬರುತ್ತೆ ಅನ್ನುತ್ತಿದ್ದಳು. ಹನ್ನೊಂದು ನಿಮಿಷಕ್ಕೆ ಗೆಳತಿ ಎದ್ದು ರಸ್ತೆ ದಾಟಿದಳು. ಊಟ ಮುಗಿಸಿ ಆಗಷ್ಟೇ ಬಂದಿದ್ದ ಅಪ್ಪ ಏನೂ ತಿಳಿಯದೆ ನಲವತ್ತು ಸೆಕೆಂಡಿನಲ್ಲಿ ಒಂಬತ್ತು ತೆಗೆದುಕೊಟ್ಟ. ಹೆಸರು ಕಾಣದಿರಲೆಂದು ರೀಲಿನಲ್ಲಿ ಎದುರಂಗಡಿಯ ಬೋರ್ಡಿನ ಮೇಲೆ ಇವಳು ನಗುವ ಮುಖದ ಸ್ಟಿಕ್ಕರು ಅಂಟಿಸಿದಳು. ನೀಲಿ ಶಟರನ್ನು ಹಾಗೆಯೇ ಬಿಟ್ಟಳು. ಅತ್ತೆಯ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಊರೆಲ್ಲ ನೋಡಲಿ ಎಂದು ಹಾಕಿದ್ದು ಇಪ್ಪತ್ತು ಹೆಜ್ಜೆ ಆಚೆಗೆ ಕಾಣಿಸುವುದಿಲ್ಲ ಎಂದುಕೊಂಡಳು. ಡಿಗ್ರಿ ಓದಿದ ತಲೆ.

ಎರಡು ದಿನಕ್ಕೆ ಎರಡು ಲಕ್ಷ ಜನ ನೋಡಿದರು. ಸೋಮವಾರ ಅಂಗಡಿಗೆ ಹೊಸ ಮುಖಗಳು ಬಂದವು. ಮಂಗಳವಾರ ಒಂದು ಆಸ್ಪತ್ರೆಯ ಹೆಡ್ ನರ್ಸ್ ಬಂದರು. ಅವರ ಕೆಳಗೆ ನಲವತ್ತೆರಡು ಜನ, ಎಲ್ಲರಿಗೂ ಜಾರದ ಅಟ್ಟೆಯ ಬಿಳಿ ಶೂ ಬೇಕು. ಶನಿವಾರ ಡ್ಯೂಟಿ ಬದಲಾಗುವ ಹೊತ್ತಿಗೆ ಸರದಿಯ ಮೇಲೆ ಬಂದು ಹಾಕಿ ನೋಡುತ್ತಾರೆ.

"ಸೈಜಿಲ್ಲ ಅಂತ ಒಬ್ಬಳನ್ನೂ ವಾಪಸ್ ಕಳಿಸ್ಬಾರದು. ನಿಮ್ಮ ವಿಡಿಯೋ ನೋಡೇ ಬಂದಿದ್ದು" ಅಂದರು. ಒಬ್ಬಳು ಬರಿಗೈಯಲ್ಲಿ ವಾಪಸು ಬಂದರೂ ಅಷ್ಟೂ ಜನರನ್ನು ದೊಡ್ಡ ಮಳಿಗೆಗೆ ಕರೆದೊಯ್ಯುವುದಾಗಿಯೂ ಹೇಳಿದರು. ಬಿಳಿ ಶೂ ಪೆಟ್ಟಿಗೆಗಳು ಬಂದು ವಾರವಾಗಿತ್ತು, ಅರ್ಧ ಇಲ್ಲಿ, ಅರ್ಧ ಅಲ್ಲಿ. ಅಪ್ಪ ಆಗಲಿ ಎಂದು ತಲೆಯಾಡಿಸಿದ. ಆ ಸಂಜೆ ಅವನು ಶಟರ್ ಎಳೆಯುವಾಗ ಹಾಡು ಗುನುಗಿದ್ದನ್ನು ಗಿರಗಿಟ್ಲೆ ವರ್ಷದ ಮೇಲೆ ಕೇಳಿದಳು.

ಬುಧವಾರ ಯಾರೋ ಎಂಟು ಕೇಳಿದರು. ಅವಳು ಓಡಿದಳು. ಎದುರಂಗಡಿಯ ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಹಗಲಿನಲ್ಲಿ ಹಾಗೆ ಎಂದೂ ಇದ್ದದ್ದಿಲ್ಲ. ತಟ್ಟಿದಾಗ ಅತ್ತೆ ಒಂದು ಗೇಣು ತೆರೆದಳು. ಅವಳ ಬೆನ್ನ ಹಿಂದೆ ಎಂಟರ ಡಬ್ಬಗಳು ಸೂರಿನವರೆಗೂ ಜೋಡಿಸಿದ್ದು ಕಾಣುತ್ತಿತ್ತು.

"ಎಂಟು ಇಲ್ಲ."

"ಅತ್ತೆ, ಗಿರಾಕಿ ಕೂತಿದ್ದಾರೆ."

"ಕೂತಿರ್ಲಿ. ನನ್ನ ಗಿರಾಕೀನೂ ಹನ್ನೊಂದು ನಿಮಿಷ ಕೂತಿದ್ಲು."

ಬಾಗಿಲು ಹಾಕಿಕೊಂಡಿತು.

ಅಂಗಡಿಯಲ್ಲಿ ಕೂತಿದ್ದ ಗಿರಾಕಿ ಆರನೇ ನಿಮಿಷಕ್ಕೆ ತನ್ನ ಫೋನು ತೆಗೆದು ಇವರ ಖಾಲಿ ಕೈಗಳ ವಿಡಿಯೋ ಮಾಡಿಕೊಂಡು ಹೋದ. ಅಪ್ಪ ಆಗ ಮಗಳ ಫೋನು ಕೇಳಿ ಇಸಿದುಕೊಂಡ. ಅಲ್ಲಿಯವರೆಗೆ ಅವನು ನೋಡಿದ್ದು ತನ್ನ ಮುಖ ಬರುವ ಕೊನೆಯ ತುಣುಕನ್ನಷ್ಟೇ. ಈಗ ಮೊದಲಿನಿಂದ ನೋಡಿದ.

"ಅವಳು ಫೋನ್ ಮಾಡ್ತಾ ಇದ್ದಾಳಲ್ಲ. ಆಗ ಈ ಫೋನ್ ಎಲ್ಲಿತ್ತು?"

"ನನ್ನ ಕೈಯಲ್ಲೇ."

ಬೈಯುತ್ತಾನೆ ಎಂದು ಕಾದಳು. ಅವನು ಫೋನನ್ನು ಕೌಂಟರಿನ ಮೇಲೆ ಮಗುಚಿಟ್ಟು, ಧೂಳಿಲ್ಲದ ಏಳರ ಡಬ್ಬಗಳನ್ನು ಒರೆಸತೊಡಗಿದ. ಒರೆಸುತ್ತಲೇ, ನೀನೇ ಹೋಗಿ ಅತ್ತೆಯನ್ನು ಕೇಳು ಎಂದ. ತಾನು ಹೋದರೆ ಅವಳು ತನ್ನ ಮುಖ ನೋಡಿ ಕೊಟ್ಟುಬಿಡುತ್ತಾಳೆ, ಅದು ಬೇಡ ಎಂದ.

ಗುರುವಾರ ಬೆಳಿಗ್ಗೆ ಗಿರಗಿಟ್ಲೆ ಮುಂಬಾಗಿಲಿನಿಂದಲೇ ಹೋದಳು. ಆ ಮೆಟ್ಟಿಲುಗಳನ್ನು ಅವಳು ಹತ್ತಿದ್ದು ಅದೇ ಮೊದಲು. ಅತ್ತೆ ಒಮ್ಮೆ ತಿರುಗಿ ನೋಡಿ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ಈ ವಾರದಲ್ಲಿ ಹದಿನೇಳು ಜನ ಬಂದು ಒಂಬತ್ತು ಕೇಳಿದರಂತೆ, ಕೇಳುವಾಗಲೇ ಫೋನು ಎತ್ತಿ ಹಿಡಿದಿದ್ದರಂತೆ. ಅವರಲ್ಲಿ ಒಬ್ಬ ಹುಡುಗ ಕರುಣೆಯಿಂದಲೋ ಏನೋ, ಆಂಟಿ, ಇದು ನೀವೇ ಎಂದು ತೋರಿಸಿದನಂತೆ. ಇದನ್ನೆಲ್ಲ ಆಕೆ ಗಾಜಿನ ಕಪಾಟು ಒರೆಸುತ್ತ, ಬೇರೆ ಯಾರದೋ ಸುದ್ದಿಯಂತೆ ಹೇಳಿದಳು.

"ತಪ್ಪಾಯ್ತು ಅತ್ತೆ. ಹೊಟ್ಟೆಗೆ ಹಾಕ್ಕೊಳ್ಳಿ. ಈಗಲೇ ತೆಗೆದು ಹಾಕ್ತೀನಿ."

"ತೆಗೆದ್ರೆ ನೋಡಿದೋರ ಕಣ್ಣಿಂದ ಹೋಗುತ್ತಾ? ನನಗೆ ಗೊತ್ತಿರೋ ವ್ಯಾಪಾರ ಒಂದೇ. ತೂಕ ಸಮ ಇರ್ಬೇಕು. ನಿಮ್ಮಪ್ಪನ ಅಂಗಡೀಲಿ ಹೋಗಿ ಎಂಟು ಕೇಳು. ಗಡಿಯಾರ ಇಡು. ಎಂಟು ಎಲ್ಲಿಂದ ಬರುತ್ತೋ ಅಲ್ಲೀತನಕ ತೋರಿಸು. ಆಮೇಲೆ ನಿನ್ನ ನರ್ಸಮ್ಮಂದಿರಿಗೆ ಎಷ್ಟು ಬೇಕೋ ತಗೊಂಡು ಹೋಗು."

ಅಪ್ಪ ಕೇಳಿ ಒಪ್ಪಲಿಲ್ಲ. ಗೋಡೌನಿನ ಗುಟ್ಟು ಬಯಲಾದರೆ ಎಂಟರವರು ನಮ್ಮ ಮೆಟ್ಟಿಲು ಯಾಕೆ ಹತ್ತುತ್ತಾರೆ, ನೇರ ಅಲ್ಲಿಗೇ ಹೋಗುತ್ತಾರೆ ಎಂದ. ಅಲ್ಲಿಗೆ ಹೋಗುವ ಏಳರವರು ಇಲ್ಲಿಗೆ ಬರುತ್ತಾರಲ್ಲ ಎಂದಳು ಮಗಳು. ಲೋಕದಲ್ಲಿ ಯಾವ ಕಾಲು ಹೆಚ್ಚಿದೆ ಅಂತ ನಿನಗೇನು ಗೊತ್ತು, ಹೆಂಗಸರಲ್ಲಿ ಆರು ಜಾಸ್ತಿ ಎಂದು ರೇಗಿದ. ಶುಕ್ರವಾರ ಬೆಳಿಗ್ಗೆ ಸಗಟು ವ್ಯಾಪಾರಿಗೆ ಫೋನು ಮಾಡಿ ಬಿಡಿ ಸೈಜಿಗಾಗಿ ಬೇಡಿಕೊಂಡ. ಬಿಡಿ ಇಲ್ಲ, ಪೆಟ್ಟಿಗೆ ಬೇಕಾದರೂ ಹತ್ತು ದಿನ ಎಂದು ಉತ್ತರ ಬಂತು. ಅಪ್ಪ ಫೋನಿಟ್ಟು, ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡು ಬಂದ.

"ಎಲ್ಲಿ ನಿಲ್ಬೇಕು ಹೇಳು" ಅಂದ.

ಒಂದೇ ಸಲಕ್ಕೆ ಮುಗಿಯಿತು. ಎಂಟು ಬೇಕು ಎಂದು ಅವಳು ಕೇಳಿದಳು, ಗೋಡೌನಿಂದ ತರಿಸುತ್ತೇನೆ ಎಂದು ಅವನು ಹೇಳಿದ. ಹೇಳುವಾಗ ಕಿವಿ ಕೆಂಪಾಗಿತ್ತು. ಫೋನು ಹಿಂಬಾಗಿಲು ದಾಟಿ, ಓಣಿ ದಾಟಿ, ಟೈಲರ್ ಅಂಗಡಿಯ ಮೂಲೆ ತಿರುಗಿ ನೀಲಿ ಶಟರಿನ ಹಿಂಬದಿಗೆ ಬಂತು. ಅತ್ತೆ ಕ್ಯಾಮೆರಾದ ಕಡೆ ನೋಡದೆ ಡಬ್ಬ ಚಾಚಿದಳು. ಅದರೊಂದಿಗೆ ಅಪ್ಪನ ಕೌಂಟರಿಗೆ ಮರಳಿದಾಗ ಗಡಿಯಾರದಲ್ಲಿ ನಾಲ್ಕು ನಿಮಿಷ ಹತ್ತು ಸೆಕೆಂಡು. ಗಿರಗಿಟ್ಲೆ ವಿಡಿಯೋದ ಕೆಳಗೆ ಎರಡು ಸಾಲು ಬರೆದಳು: ನಮ್ಮಲ್ಲಿ ಬೆಸ, ಎದುರುಗಡೆ ಸಮ. ಹಿಂದಿನ ವಿಡಿಯೋದಲ್ಲಿ ಅವರು ಫೋನು ಮಾಡಿದ್ದು ನನಗೇ, ನಾನು ಬೇಕೆಂದೇ ಎತ್ತಲಿಲ್ಲ. ಹಳೆಯ ರೀಲನ್ನು ಅಳಿಸಿದಳು.

ಸಂಜೆಯವರೆಗೆ ಒಂಬೈನೂರು ಜನ ನೋಡಿದರು. ಕಳ್ಳಿ ಎಂದು ಯಾರೋ ಬರೆದಿದ್ದರು. ಅದಕ್ಕೆ ಗೆಳತಿ ಉತ್ತರ ಕೊಡಲು ಹೊರಟಳು, ಇವಳು ಬೇಡವೆಂದಳು. ಆರು ಗಂಟೆಗೆ ಹೆಡ್ ನರ್ಸ್ ಫೋನು ಬಂತು.

"ಅಂದ್ರೆ ಆರು, ಎಂಟು ನಿಮ್ಮಲ್ಲಿ ಇಲ್ಲ."

"ಇಲ್ಲ ಮೇಡಂ. ಎದುರುಗಡೆ ಇದೆ. ಶೂ ಒಂದೇ, ಬಂದಿದ್ದೂ ಒಂದೇ ಪೆಟ್ಟಿಗೇಲಿ. ನಾನು ತಂದುಕೊಡ್ತೀನಿ."

"ನೀವ್ಯಾಕಮ್ಮ ತರೋದು? ನಮ್ಮೋರಿಗೆ ಕಾಲಿಲ್ವಾ? ಆರು ನಂಬರ್‌ನೋರು ಸೀದಾ ಅಲ್ಲಿಗೇ ಹೋಗ್ತಾರೆ."

ಅಪ್ಪ ಹೆದರಿದ್ದು ಇದಕ್ಕೇ. ಅವನು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಆರ್ಡರು ಉಳಿಯಿತಲ್ಲ ಎಂದಳು ಮಗಳು. ಯಾರಿಗೆ ಉಳಿಯಿತು ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈಕಾಲು ತೊಳೆಯಲು ಹೋದ.

ಶನಿವಾರ ನರ್ಸುಗಳು ಐದೈದು ಜನರಂತೆ ಬಂದರು. ಹೆಡ್ ನರ್ಸ್ ರಸ್ತೆಯ ನಡುವೆಯೇ ನಿಂತು, ಟ್ರಾಫಿಕ್ ಪೊಲೀಸಿನ ಹಾಗೆ ಇವರನ್ನು ಇತ್ತ, ಅವರನ್ನು ಅತ್ತ ಕಳಿಸಿದರು. ಹನ್ನೊಂದು ಗಂಟೆಯ ಹೊತ್ತಿಗೆ ಲೆಕ್ಕ ಸ್ಪಷ್ಟವಾಗಿತ್ತು. ನಲವತ್ತೆರಡರಲ್ಲಿ ಬೆಸದ ಕಾಲಿನವರು ಹದಿನೈದು, ಸಮದವರು ಇಪ್ಪತ್ತೇಳು. ಅಪ್ಪನ ಬೆಂಚುಗಳಲ್ಲಿ ಜಾಗವಿತ್ತು. ಎದುರಂಗಡಿಯಲ್ಲಿ ಜನ ಮೆಟ್ಟಿಲ ಮೇಲೂ ಕೂತಿದ್ದರು, ಒಳಗೆ ಅತ್ತೆ ಒಬ್ಬಳೇ ಏಣಿ ಹತ್ತಿ ಇಳಿಯುತ್ತಿದ್ದಳು.

"ಅಲ್ಲಿಗೆ ಹೋಗು, ಇಲ್ಲಿ ನಾನು ಸಾಕು" ಅಂದ ಅಪ್ಪ.

ಗಿರಗಿಟ್ಲೆ ಹೋಗಿ, ಹೇಳಿಸಿಕೊಳ್ಳದೆ, ಗಿಡ್ಡ ಸ್ಟೂಲು ಎಳೆದುಕೊಂಡು ಕೂತಳು. ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ನೋಡುವುದು, ಹೆಬ್ಬೆರಳ ತುದಿ ಒತ್ತುವುದು, ನಾಲ್ಕು ಹೆಜ್ಜೆ ನಡೆಸುವುದು, ಮುಂದಿನ ಕಾಲು. ಹನ್ನೆರಡು ಗಂಟೆ ನಿಂತು ಕೆಲಸ ಮಾಡುವ ಪಾದಗಳು ಅವು. ಬಹಳಷ್ಟು ಜನರ ಕಿರುಬೆರಳಿನ ಮೇಲೆ ಆಣಿ ಕಟ್ಟಿತ್ತು. ಅತ್ತೆ ಮೇಲಿನಿಂದ ಡಬ್ಬ ಇಳಿಸಿ ಕೊಡುತ್ತಿದ್ದಳು, ನಂಬರು ಬಿಟ್ಟು ಬೇರೆ ಮಾತಿಲ್ಲ. ಮಧ್ಯಾಹ್ನ ಚಹಾ ಬಂತು. ಅತ್ತೆ ಒಂದು ಲೋಟ ಇವಳ ಪಕ್ಕದಲ್ಲಿ ನೆಲದ ಮೇಲೆ ಇಟ್ಟಳು.

ವಯಸ್ಸಾದ ಒಬ್ಬ ನರ್ಸು ಬಹಳ ಹೊತ್ತಿನಿಂದ ಇಬ್ಬರನ್ನೂ ನೋಡುತ್ತಿದ್ದವರು, ಮಗಳು ಚುರುಕಾಗಿದ್ದಾಳೆ ಎಂದರು. ಅಂಥ ಮಾತಿಗೆ ಹಿಂದೆಲ್ಲ ಅತ್ತೆ, ಅಣ್ಣನ ಮಗಳು, ನಮ್ಮ ಮನೇದೇ ಕೂಸು ಅನ್ನುತ್ತಿದ್ದಳು. ಗಿರಗಿಟ್ಲೆಯ ಕೈ ಲೇಸಿನ ಗಂಟಿನಲ್ಲೇ ನಿಂತಿತು.

"ನಮ್ಮೋಳಲ್ಲ, ಎದುರಂಗಡಿಯವ್ರ ಹುಡುಗಿ" ಅಂದಳು ಅತ್ತೆ. "ಕೆಲಸ ಬರುತ್ತೆ ಅವಳಿಗೆ."

ಗಿರಗಿಟ್ಲೆ ಗಂಟು ಬಿಗಿದು, ಆ ನರ್ಸನ್ನು ಎಬ್ಬಿಸಿ ಬಾಗಿಲವರೆಗೆ ನಡೆಸಿ ನೋಡಿದಳು. ಹಿಮ್ಮಡಿ ಬಿಡುತ್ತಿತ್ತು. ಆರು ದೊಡ್ಡದಾಯಿತು, ನಿಮಗೆ ಐದು ಬೇಕು, ರಸ್ತೆ ದಾಟಿ ಎಂದು ಹೇಳಿ, ಮೆಟ್ಟಿಲ ಮೇಲೆ ಕೂತಿದ್ದ ಮುಂದಿನವಳನ್ನು ಒಳಗೆ ಕರೆದಳು.